ಗ್ಲೇಡಿಸ್ ಮಾಡಿದ ಹಾಗೆ

ಆ ಭಾನುವಾರ ಅವಳು ಹಂದಿಯ ಪಕ್ಕೆಲುಬಿಗೆ ಅನಾನಸು, ಬೆಲ್ಲ, ಮೆಣಸಿನ ಖಾರ, ವಿನೆಗರ್ ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದಳು. ಮಾಂಸ ಎಲುಬಿನಿಂದ ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಎಂಟು ತುಂಡು ಚೀಪಿ, ಎಲುಬುಗಳನ್ನು ತಟ್ಟೆಯ ಅಂಚಿನಲ್ಲಿ ರಾಶಿ ಹಾಕಿದ ಮೇಲೆ ಗಂಡ ಹೇಳಿದ:

"ಒಳ್ಳೇದುಂಟು. ಆದರೆ ಗ್ಲೇಡಿಸ್ ಮಾಡಿದ ಹಾಗೆ ಆಗಲಿಲ್ಲ."

ಗ್ಲೇಡಿಸ್ ಅವನ ಮೊದಲ ಹೆಂಡತಿ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗೋಡೆಯ ಮೇಲಿದ್ದ ಅವಳ ಫೋಟೋದ ಗಾಜನ್ನು ಇವಳು ಪ್ರತಿ ಶನಿವಾರ ಬೇಕಾದದ್ದಕ್ಕಿಂತ ಜೋರಾಗಿಯೇ ಒರೆಸುತ್ತಿದ್ದಳು. ಹಿಂದಿನ ಸಲ ಬೆಲ್ಲ ಕಡಿಮೆ ಮಾಡಿ ನೋಡಿದ್ದಳು, ಅದರ ಹಿಂದಿನ ಸಲ ಅನಾನಸು ಹೆಚ್ಚು ಹಾಕಿದ್ದಳು. ಗಂಡನ ಮಾತು ಮಾತ್ರ ಬದಲಾಗಿರಲಿಲ್ಲ.

ಅವನು ಕೈ ತೊಳೆಯಲು ಎದ್ದುಹೋದ ಮೇಲೆ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಮಮ್ಮಿ, ನಿಜ ಹೇಳಿ. ಅವಳು ಇದಕ್ಕೆ ಎಂತ ಹಾಕ್ತಿದ್ದಳು? ಸತ್ತವಳ ಹತ್ತಿರ ಜಗಳ ಮಾಡ್ಲಿಕ್ಕೂ ಆಗುದಿಲ್ಲ ನನಗೆ."

ಅತ್ತೆ ತಮ್ಮ ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತಲೇ ನಕ್ಕರು.

"ಗ್ಲೇಡಿಸ್ ಕೂಡ ಇದೇ ಕುರ್ಚಿಯಲ್ಲಿ ಕೂತು ಅತ್ತಿದ್ದಾಳೆ ಮಗಾ. ಅವಳು ಎಷ್ಟು ಚಂದ ಮಾಡಿದರೂ ಇವನದ್ದು ಒಂದೇ ಮಾತು, ನನ್ನ ಮಮ್ಮಿ ಮಾಡಿದ ಹಾಗೆ ಆಗಲಿಲ್ಲ ಅಂತ."

ಗೋಡೆಯ ಮೇಲಿದ್ದ ಹೊಟ್ಟೆಕಿಚ್ಚು ಒಂದೇ ಕ್ಷಣದಲ್ಲಿ ಇಳಿದು ಅತ್ತೆಯ ಕುರ್ಚಿಗೆ ಬಂತು.

"ಹಾಗಾದರೆ ನೀವು ಎಂತ ಹಾಕ್ತಿದ್ರಿ?"

"ನಾನಾ? ನಾನು ಈ ಜನ್ಮದಲ್ಲಿ ಹಂದಿ ಮಾಂಸ ಒಲೆಗೆ ಇಟ್ಟವಳೇ ಅಲ್ಲ."