ಬಲಗಾಲಿನ ಪೆಡಲ್

ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಧನರಾಜ ಸುಳ್ಳು ಹೇಳುತ್ತಿದ್ದಾನೆ ಎಂಬುದರಲ್ಲಿ ತನಿಖಾಧಿಕಾರಿ ಗೌತಮಿಗೆ ಅನುಮಾನವೇ ಇರಲಿಲ್ಲ. ಸತ್ತವಳು ಶಿಷ್ಯೆ, ಬದುಕಿದವನು ವಿಮಾನ ಕಲಿಸುವ ಗುರು. ಇಂಥ ಗುರುಗಳು ತಪ್ಪು ಒಪ್ಪಿಕೊಂಡದ್ದನ್ನು ತಾಂಡೂರಿನ ಗೌತಮಿ ಎಂದೂ ಕಂಡಿರಲಿಲ್ಲ.

“ಆ ವಿಮಾನದಾಗ ಸ್ಪಿನ್ ಮಾಡಬಾರದಂತ ನಿಮ್ಮ ಕಣ್ಣಮುಂದೇ ಬರೆದಿತ್ತಲ್ರಿ. ಯಾಕ ಮಾಡಿದ್ರಿ?”

“ಮಾಡಲಿಲ್ರಿ. ವೇಗ ಕಡಿಮಿ ಮಾಡಿ ಸ್ಟಾಲ್ ಕಲಿಸಾಕ ಹತ್ತಿದ್ದೆ. ಅದಕ್ಕ ಪರ್ಮಿಷನ್ ಅದ. ಎಡಗಡಿ ರೆಕ್ಕಿ ಒಮ್ಮಿಗೇ ಕುಸೀತು, ತಿರುಗಾಕ ಹತ್ತಿತು.”

ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು ಸ್ಟಾಲ್; ಬುಗುರಿಯಂತೆ ತಿರುಗುತ್ತ ಬೀಳುವುದು ಸ್ಪಿನ್. ಎಡಕ್ಕೆ ತಿರುಗಿದರೆ ಬಲಗಾಲಿನ ಪೆಡಲನ್ನು ಪೂರ್ತಿ ಒತ್ತಬೇಕು, ಕೈಯ ಕೋಲನ್ನು ಮುಂದಕ್ಕೆ ದೂಡಬೇಕು. ಹೊಸಬರಿಗೂ ಬಾಯಿಪಾಠವಾಗಿರುವ ವಿದ್ಯೆ.

“ಒತ್ತಿದೆನ್ರಿ. ಏನೋ ಅಡ್ಡ ಬಂದಂಗ ಪೆಡಲ್ ನಿಂತೇ ಬಿಡ್ತು.”

ಏನೋ ಅಂತೆ! ವಿಮಾನ ರಾಯಿಕೋಡಿನ ತೊಗರಿ ಹೊಲದಲ್ಲಿ ಸುಟ್ಟು ಬೂದಿಯಾಗಿತ್ತು. ಹಿಂದಿನ ದಿನವಷ್ಟೇ ಅದನ್ನು ಪರೀಕ್ಷಿಸಿದ್ದ ಮೆಕ್ಯಾನಿಕ್ ರಾಮುಲು, ಪೆಡಲಿನಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಆಣೆ ಮಾಡಿದ್ದ. ಧನರಾಜನ ಮಾತಿಗೆ ಒಂದಾದರೂ ಸಾಕ್ಷಿ ಸಿಗದಿದ್ದರೆ ಲೈಸೆನ್ಸ್ ಹೋಗುತ್ತದೆ, ಜೈಲೂ ತಪ್ಪುವುದಿಲ್ಲ.

ಫೋನ್ ಬಂತೆಂದು ಗೌತಮಿ ಹೊರಗೆ ಹೋದಳು. ಆಗಲೇ ಸತ್ತ ಪ್ರೇಮಲಾಳ ತಾಯಿ ತಾರಾಬಾಯಿ ಜಹೀರಾಬಾದಿನ ಆ ಆಸ್ಪತ್ರೆಯ ಕೋಣೆಗೆ ನುಗ್ಗಿದಳು. ನಾರಾಯಣಖೇಡದಿಂದ ಬಸ್ಸಿನಲ್ಲಿ ಬಂದಿದ್ದಳು. ಕಾಲಿಗೆಲ್ಲ ಪಟ್ಟಿ ಸುತ್ತಿಕೊಂಡು ಮಲಗಿದ್ದವನನ್ನು ಕಂಡು ಅವಳಿಗೆ ಚೂರೂ ಕನಿಕರ ಹುಟ್ಟಲಿಲ್ಲ.

“ನನ್ನ ಮಗಳನ್ನ ತಿಂದಿ ನೀ! ನಾ ಏನ್ ಕಡಿಮಿ ಮಾಡಿದ್ದೆ? ಅವತ್ತ ನೀವು ಹಾರೂಕಿಂತ ಮೊದಲ ವಿಮಾನಕ್ಕ ಕುಂಕುಮ ಹಚ್ಚಾಕ ಬಂದಾಗ, ನೀ ಆ ಕಡಿ ಹೋದ ಮ್ಯಾಲ, ಸಂಗಮೇಶ್ವರಗ ಮುಟ್ಟಿಸಿದ ಕಾಯಿ ಕೆಂಪು ವಸ್ತ್ರದಾಗ ಕಟ್ಟಿ ಆಕಿ ಸೀಟಿನ ಬುಡಕ ಇಟ್ಟಿದ್ದೆ. ಆಕಿಗೂ ಹೇಳಿದ್ದಿಲ್ಲ. ನಮ್ಮ ಟ್ರ್ಯಾಕ್ಟರಿಗೂ ಜೀಪಿಗೂ ಹಂಗೇ ಇಡತೀವಿ, ಒಂದಕ್ಕೂ ಏನೂ ಆಗಿಲ್ಲ. ದೇವರ ಕಾವಲು ಇದ್ರೂ ಕೊಂದಿ ನೀ!”

ಧನರಾಜನಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಮೂತಿ ಕೆಳಗಾಗಿ ಬೀಳುವ ವಿಮಾನ. ಸೀಟಿನ ಕೆಳಗಿನಿಂದ ಮುಂದಕ್ಕೆ, ಪೆಡಲಿನ ಸಂದಿಗೆ, ಉರುಳುವ ತೆಂಗಿನಕಾಯಿ. ಇದೇ ಮಾತನ್ನು ಅವಳು ಅಧಿಕಾರಿಯ ಮುಂದೆ ಇನ್ನೊಮ್ಮೆ ಹೇಳಿದರೆ ಸಾಕು, ಅವನು ಉಳಿಯುತ್ತಿದ್ದ. ಅವನು ಅವಳ ಮುಖ ನೋಡಿದ. ಆ ಮುಖ ಅವನಿಂದ ನೋಡಲಾಗಲಿಲ್ಲ.

ತಾರಾಬಾಯಿ ಇನ್ನೂ ಅಲ್ಲೇ ನಿಂತಿರುವಾಗ ಗೌತಮಿ ಒಳಗೆ ಬಂದಳು. “ಪೆಡಲಿಗೆ ಏನ್ ಅಡ್ಡ ಬಂತು, ಈಗಾದ್ರೂ ಹೇಳ್ತೀರೇನ್ರಿ?”

“ಏನೂ ಅಡ್ಡ ಬರಲಿಲ್ರಿ,” ಎಂದ ಧನರಾಜ. “ಸ್ಪಿನ್ ನಾನೇ ಮಾಡಿದೆ.”