ಬಾಗಿಲ ಮರೆಯ ನೀರು

ಮಾವನ ಕೆಮ್ಮು ಕೇಳಿದ್ದೇ ತಡ, ಬಾಗಿಲ ಮರೆಯಲ್ಲಿ ನೀರು ಕುಡಿಯುತ್ತಿದ್ದ ಲತಾ ಚೊಂಬನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಹೊಳೆನರಸೀಪುರದಲ್ಲಿ ಡಯಾಲಿಸಿಸ್ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ ಹುಲಿಯಪ್ಪ ಅಲ್ಲೇ ನಿಂತರು.

"ಯಾಕವ್ವ ಬಚ್ಚಿಟ್ಕಂಡೆ?"

"ಡಾಕ್ಟ್ರು ನಿಮ್ಗೆ ಜಾಸ್ತಿ ನೀರು ಕುಡೀಬ್ಯಾಡಿ ಅಂದವ್ರೆ. ನಿಮ್ಮೆದ್ರುಗೆ ನಾವೆಂಗೆ ಗಟಗಟ ಕುಡಿಯಾದು ಮಾವ? ಮನೇಲಿ ಎಲ್ರೂ ಇಂಗೇ, ಮರೇಲೇ ಕುಡಿಯಾದು."

ಹುಲಿಯಪ್ಪನವರ ಕಣ್ಣು ತುಂಬಿತು. ಮನೆಗೆ ಯಾರೇ ಬಂದರೂ ಬೆಲ್ಲ, ನೀರು ಕೊಟ್ಟೇ ಮಾತಾಡಿಸುತ್ತಿದ್ದ ತಮ್ಮ ಅವ್ವ ನೆನಪಾದಳು. ಸೊಸೆಯನ್ನು ಜಗುಲಿಯ ಮೇಲೆ ಕೂರಿಸಿ, ತಾವೇ ಒಳಗೆ ಹೋಗಿ ಬೆಲ್ಲದಚ್ಚು, ಲೋಟದ ತುಂಬ ನೀರು ತಂದರು.

"ನನ್ನ ಮುಂದೇನೇ ಕುಡಿ ಮಗಾ."

ಲತಾ ತಲೆ ತಗ್ಗಿಸಿಕೊಂಡೇ ಕುಡಿದಳು. ತಮ್ಮ ಒಣಗಿದ ನಾಲಿಗೆಯನ್ನು ಮರೆತು ನೋಡುತ್ತಾ ಕುಳಿತಿದ್ದ ಹುಲಿಯಪ್ಪ, ಲೋಟ ಬರಿದಾದದ್ದೇ ಎದ್ದರು.

"ಇನ್ನೊಸಿ ತರ್ಲಾ?"