ಗಾಡಿಯ ಮುಂದೆ ನಿಂತು ತೆಗೆದ ವಿಡಿಯೊ

"ಅಳ್ಸವ್ವ ಅದನ್ನ! ಹಿಂಸೆ ಮಾಡೋದನ್ನ ತೋರ್ಸೋದೂ ಅಪರಾಧನಂತೆ, ವಕೀಲ್ರೇ ಹೇಳವ್ರೆ," ಎನ್ನುತ್ತ ಬೋರಯ್ಯ ಎತ್ತು ಹೊಡೆಯುವ ಕೋಲನ್ನು ಅನುಸೂಯಳ ಜಗಲಿಗೆ ಕುಟ್ಟಿದ. ಕೋಲಿನ ತುದಿಗೊಂದು ಮೊಳೆಯಿತ್ತು. ಆ ಮೊಳೆಯಿಂದ ಅವನು ತನ್ನ ಎತ್ತು ಕೆಂಚನನ್ನು ತಿವಿಯುವುದನ್ನೇ ಅವಳು ವಿಡಿಯೊ ತೆಗೆದು ಬೆಳಿಗ್ಗೆ ತಮ್ಮೂರು ಹರಿಯಬ್ಬೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು.

"ತೋರ್ಸೋದು ಅಪರಾಧ ಆದ್ರೆ ತಿವಿಯೋದೇನು ದೊಡ್ಡಪ್ಪ?"

"ನನ್ನೆತ್ತು, ನನ್ನ ಕೋಲು. ನಿಂಗ್ಯಾಕೆ?"

"ಆಯ್ತು, ಅಳಿಸ್ತೀನಿ. ಮೊದ್ಲು ನೀವೊಂದ್ಸಲ ನೋಡ್ರಿ."

ಬೋರಯ್ಯನದು ಗುಂಡಿ ಒತ್ತುವ ಹಳೆಯ ಫೋನು. ಊರವರು ಆಡಿಕೊಂಡಿದ್ದನ್ನು ಕೇಳಿ ಬಂದಿದ್ದನೇ ಹೊರತು ವಿಡಿಯೊ ನೋಡಿರಲಿಲ್ಲ. ಅವಳ ಫೋನನ್ನು ಕಣ್ಣಿನ ಹತ್ತಿರ ಹಿಡಿದ. ಮೊಳೆ ತಾಗಿದಾಗಲೆಲ್ಲ ಕೆಂಚ ಕಣ್ಣು ಬಿಗಿದು ಮುಚ್ಚಿಕೊಳ್ಳುತ್ತಿತ್ತು. ನಲವತ್ತು ವರ್ಷ ಗಾಡಿ ಹೊಡೆದವನು ಎತ್ತುಗಳ ಬೆನ್ನನ್ನಷ್ಟೇ ನೋಡಿದ್ದ.

"ಇನ್ನೊಂದ್ಸಲ ಹಾಕು," ಎಂದ. ಮತ್ತೆ ನೋಡಿದ.

ಅನುಸೂಯ ಫೋನು ತೆಗೆದುಕೊಂಡು, ಮಾತು ಕೊಟ್ಟಂತೆ ಅಳಿಸಲು ಬೆರಳಿಟ್ಟಳು.

"ತಡಿ, ಅದು ಇರ್ಲಿ. ಇದನ್ನೂ ವಿಡಿಯೊ ಹಿಡ್ದು ಅದರ ಕೆಳಗೆ ಹಾಕವ್ವ," ಎನ್ನುತ್ತ ಬೋರಯ್ಯ ಜಗಲಿಯ ಮೇಲೆ ಕುಳಿತು ಕೋಲಿನ ಮೊಳೆಯನ್ನು ಕಲ್ಲಿನಿಂದ ಬಡಿದು ಕೀಳತೊಡಗಿದ.